ಅಂಚು ಹರಿದ ಸಜ್ಜೆ ರೊಟ್ಟಿ

ಮೇಲೆರಿ, ಕೃಷ್ಣಾ ದಂಡೆ
ನೆರಳುವರ್ಷ ೬೧, ಎಳ್ಳಮಾವಾಸ್ಯೆಯ ಮರುದಿನ

ಪ್ರೀತಿಯ ಕಸ್ತೂರೆವ್ವ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡ. ಎರೆಹೊಲಗಳು ಬಿಸಿಲು ತಡೆಯಲಾರದೆ ಸೋತಾಗ ಅವುಗಳ ಮೇಲೆ ಮೊದಲ ಸಲ ನೆರಳುಬಟ್ಟೆ ಹೊದಿಸಿದರಲ್ಲ, ಆ ವರ್ಷದಿಂದ ನಾವು ಎಣಿಸುತ್ತೇವೆ. ನಿನ್ನ ಗೋಡೆಯ ಕ್ಯಾಲೆಂಡರಿನಲ್ಲಿ ಇದು ೨೧೬೮ನೇ ಇಸವಿ. ನಿನಗೆ ಅರ್ಥವಾಗಲಿ ಎಂದು ಹಳೆಯ ಬರಹದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಡುವೆ ನಮ್ಮ ಕಾಲದ ಶಬ್ದ ಒಂದೆರಡು ನುಸುಳಿದರೆ ಅನ್ನದಲ್ಲಿ ಹರಳು ಸಿಕ್ಕಿತೆಂದು ತಿಳಿದು ಪಕ್ಕಕ್ಕಿಡು.

ಇನ್ನು ನಿನ್ನನ್ನು ಏನೆಂದು ಕರೆಯಲಿ? ನೀನು ನನ್ನ ಅಜ್ಜಿಯ ಅಜ್ಜಿ. ಆದರೆ ನಾನು ಬಲ್ಲ ಕಸ್ತೂರೆವ್ವನಿಗೆ ಮೂವತ್ತನಾಲ್ಕೇ ವರ್ಷ, ನನಗೆ ಎಪ್ಪತ್ತು. ವಯಸ್ಸು ನೋಡಿದರೆ ನೀನೇ ನನ್ನ ಕಾಲಿಗೆ ಬೀಳಬೇಕು, ಸಂಬಂಧ ನೋಡಿದರೆ ನಾನು. ಇಬ್ಬರಿಗೂ ಬಾಗುವುದು ಕಷ್ಟ, ನನಗೆ ಮಂಡಿನೋವು ಬೇರೆ. ಹೆತ್ತವ್ವನನ್ನು ನಮ್ಮ ಕಡೆ ಏಕವಚನದಲ್ಲೇ ಕರೆಯುವುದರಿಂದ ನಿನಗೂ ಅದನ್ನೇ ಇಟ್ಟುಕೊಂಡಿದ್ದೇನೆ. ನನ್ನ ಹೆಸರು ನಿಂಬೆವ್ವ. ಬಾಯಿ ಹುಳಿ ಎಂದು ಊರವರು ಹೇಳುತ್ತಾರೆ, ಹೆಸರಿಟ್ಟವರನ್ನು ಕೇಳಿ ಎಂದು ನಾನು ಹೇಳುತ್ತೇನೆ.

ಎಪ್ಪತ್ತು ತುಂಬಿದವರು ಎಳ್ಳಮಾವಾಸ್ಯೆಯ ಮರುದಿನ ತಮ್ಮ ಹಿರಿಯರಲ್ಲಿ ಒಬ್ಬರಿಗೆ ಹಿಂದೋಲೆ ಬರೆಯುವುದು ನಮ್ಮಲ್ಲಿ ರೂಢಿ. ಹಿಂದಿನವರಿಗೆ ಬರೆಯುವ ಓಲೆಯಾದ್ದರಿಂದ ಹಿಂದೋಲೆ. ಬರೆದದ್ದನ್ನು ಬೀಜದ ಜೋಳದ ಜೊತೆ ಹಗೇವಿನಲ್ಲಿ, ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ಇಟ್ಟು ಬಾಯಿ ಮುಚ್ಚುತ್ತೇವೆ. ನಿನ್ನ ಕಾಲಕ್ಕೆ ಹಗೇವುಗಳು ಮುಚ್ಚಿಹೋಗಿದ್ದವಂತೆ. ನಮಗೆ ಬೇಕಾಗಿ ಮತ್ತೆ ತೋಡಿಕೊಂಡಿದ್ದೇವೆ. ಓಲೆ ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಹೆಚ್ಚಿನವರು ಬೆಳೆ ಹೇಗಿದೆ, ಮಕ್ಕಳೆಷ್ಟು ಎಂದು ಬರೆದು ಮುಗಿಸುತ್ತಾರೆ. ನನಗೆ ನಿನ್ನೊಡನೆ ಒಂದು ತಪ್ಪು ಒಪ್ಪಿಕೊಳ್ಳುವುದಿದೆ, ಅದಕ್ಕೆ ಉದ್ದವಾಗುತ್ತದೆ.

ಮೊದಲು ನಮ್ಮ ಊಟದ ವಿಚಾರ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ದಿನದ ಅಡಿಗೆ ಮನೆಯಲ್ಲಿ ಆಗುವುದಿಲ್ಲ, ಓಣಿಯೊಲೆಯಲ್ಲಿ ಆಗುತ್ತದೆ. ಹನ್ನೆರಡು ಮನೆಗೆ ಒಂದು ಒಲೆ, ದಿನಕ್ಕೊಂದು ಮನೆಯ ಸರದಿ. ಬೆಂಕಿಯನ್ನು ಹಿತಮಿತವಾಗಿ ಬಳಸಬೇಕಾದ ಕಾಲ ನಮ್ಮದು. ಸರದಿಯ ಮನೆಯವರು ಬೆಳಿಗ್ಗೆ ಜೋಳದ ನುಚ್ಚು, ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ, ಅಗಸಿ ಹಿಂಡಿ ಮಾಡಿ ಓಣಿಗೆಲ್ಲ ಬಡಿಸುತ್ತಾರೆ. ನನ್ನ ಗಂಡ ರಾಚಪ್ಪನ ಕೈಯ ಸಾರು ಎಷ್ಟು ತೆಳ್ಳಗೆಂದರೆ ಅವನ ಸರದಿಯ ದಿನ ಓಣಿಯ ಅರ್ಧ ಜನಕ್ಕೆ ಹೊಟ್ಟೆ ಸರಿ ಇರುವುದಿಲ್ಲ, ಉಪವಾಸ ಎನ್ನುತ್ತಾರೆ. ಆದರೆ ಯಾರಿಗೆ ಯಾರ ಮೇಲೆ ಜೀವ ಎಂಬುದು ಬಡಿಸುವಾಗ ತಿಳಿದುಬಿಡುತ್ತದೆ. ಮದುವೆಗೆ ಮುಂಚೆ ಒಂದು ವರ್ಷ ಈ ರಾಚಪ್ಪ ತನ್ನ ಸರದಿ ಬಂದಾಗಲೆಲ್ಲ ಉಳಿದವರಿಗೆ ಒಂದು, ನನ್ನ ತಾಟಿಗೆ ಎರಡು ಕರಿದ ಮೆಣಸಿನಕಾಯಿ ಹಾಕುತ್ತಿದ್ದ. ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ಕೊನೆಗೆ ನಾನೇ ಕೇಳಿದೆ, ಇನ್ನೆಷ್ಟು ಖಾರ ತಿನ್ನಿಸುತ್ತೀ ಎಂದು. ಹಾಗೆ ನಮ್ಮ ಮದುವೆಯಾಯಿತು, ಅವನು ನಮ್ಮ ಮನೆಗೇ ಬಂದ.

ಸ್ವಂತ ಮನೆಯಲ್ಲಿ ಒಲೆ ಹೊತ್ತಿಸಲು ವರ್ಷಕ್ಕೆ ಐದು ದಿನ ಮಾತ್ರ ಅವಕಾಶ. ಅದರಲ್ಲಿ ಒಂದು ದಿನವನ್ನು ಎಲ್ಲರೂ ಎಳ್ಳಮಾವಾಸ್ಯೆಗೆಂದು ಕಾದಿಡುತ್ತೇವೆ. ಅವತ್ತು ಓಣಿಯಲ್ಲಿ ನಡೆದರೆ ಮನೆಮನೆಯಿಂದ ಬೇರೆ ಬೇರೆ ವಾಸನೆ. ಒಬ್ಬರದು ಶೇಂಗಾ ಹೋಳಿಗೆ, ಒಬ್ಬರದು ಸಜ್ಜೆಯ ಕಡುಬು, ಇನ್ನೊಬ್ಬರದು ಬದನೆಕಾಯಿ ಎಣ್ಣೆಗಾಯಿ. ಎಲ್ಲವನ್ನೂ ಬುಟ್ಟಿಗೆ ತುಂಬಿ ಹೊಲಕ್ಕೆ ಹೊತ್ತು, ಭೂಮ್ತಾಯಿಗೆ ಎಡೆಮಾಡಿ, ಬೆಳೆಯ ಮೇಲೆ ಚರಗ ಚೆಲ್ಲಿ, ನೆರಳುಬಟ್ಟೆಯ ಕೆಳಗೆ ಸಾಲಾಗಿ ಕೂತು ಉಣ್ಣುತ್ತೇವೆ. ಚರಗವೆಂದರೆ ಅದೇ, ನಿನ್ನ ಕಾಲದ್ದೇ, ಮಾಡಿದ ಅಡಿಗೆಯಲ್ಲಿ ಹೊಲದ ಪಾಲು. ನಮ್ಮ ಮನೆಯ ಬುಟ್ಟಿಯಲ್ಲಿ ಮಾತ್ರ ಎಲ್ಲಕ್ಕಿಂತ ಮೇಲೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರುತ್ತದೆ. ಅದು ನಿನ್ನ ರೊಟ್ಟಿ.

ದೊಡ್ಡ ಅಳಿವಿನಲ್ಲಿ ನಿಮ್ಮ ಕಾಲದ ಚಿತ್ರಗಳು ಬಹುತೇಕ ಹೋದವು. ಅವನ್ನು ಕೂಡಿಟ್ಟಿದ್ದ ಮಹಾಕೋಠಿಗಳು ಒಂದರ ಹಿಂದೆ ಒಂದು ಆರಿಹೋದ ವರ್ಷಗಳವು. ನಮ್ಮ ಮನೆತನಕ್ಕೆ ಉಳಿದದ್ದು ನಿನ್ನದೊಂದೇ, ನಾಲ್ಕು ನಿಮಿಷ ಹನ್ನೊಂದು ಸೆಕೆಂಡಿನ ವಿಡಿಯೋ. ಎಳ್ಳಮಾವಾಸ್ಯೆಗೆ ಎಂಟು ದಿನ ಮುಂಚೆ ಮನೆಯವರೆಲ್ಲ ಕೂತು ಅದನ್ನು ನೋಡುವುದು ನಮ್ಮ ವ್ರತ. ಒಂದು ಎಡಗೈ, ಮಣಿಕಟ್ಟಿಗೆ ಹಸಿರು ಬಳೆ. ಹಲಗೆಯ ಮೇಲೆ ಹಿಟ್ಟಿನ ಉಂಡೆ. ಎಡಗೈ ಒಂದೇ ಅದನ್ನು ತಟ್ಟಿ, ತಿರುಗಿಸಿ, ಎಳ್ಳು ಉದುರಿಸಿ ಒತ್ತುತ್ತದೆ. ಹಿಟ್ಟಿನ ಮೇಲೆ ಒಂದು ಚೌಕದ ನೆರಳು, ಅದರ ಹಿಂದೆ ಉದ್ದನೆಯ ಇನ್ನೊಂದು ನೆರಳು. ಚಿತ್ರ ಆಗಾಗ ಸಣ್ಣಗೆ ನಡುಗುತ್ತದೆ. ಎಡಗೈ ರೊಟ್ಟಿಯನ್ನೆತ್ತಿ ಹಂಚಿಗೆ ಹಾಕುವಾಗ ಅಂಚು ಹರಿಯುತ್ತದೆ. ಆಗ ನಿನ್ನ ದನಿ ಕೇಳುತ್ತದೆ: "ಹರೀತ್ ನೋಡವಾ. ಇರ್ಲಿ, ಹಂಗ ತಿನ್ನು." ಅಷ್ಟಕ್ಕೆ ಮುಗಿಯುತ್ತದೆ.

ಅಷ್ಟರಿಂದ ನಾವು ಒಂದು ಶಾಸ್ತ್ರವನ್ನೇ ಕಟ್ಟಿದೆವು, ಕಸ್ತೂರೆವ್ವ. ಎಳ್ಳಮಾವಾಸ್ಯೆಯ ರೊಟ್ಟಿಗೆ ಎಡಗೈ ಮಾತ್ರ. ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಳ್ಳಬೇಕು. ಹಿಟ್ಟಿನ ಮೇಲಿನ ನೆರಳು ಮನೆದೇವರದು, ಚಿತ್ರದ ನಡುಕ ಭೂಮ್ತಾಯಿಯ ಉಸಿರು. ರೊಟ್ಟಿಯ ಅಂಚು ಹರಿಯಲೇಬೇಕು, ಆ ಹರಕು ಚರಗಕ್ಕೆ ಸಲ್ಲಬೇಕು. ನನ್ನ ಅವ್ವ ಹೀಗೆ ಕಲಿಸಿದಳು, ಅವಳಿಗೆ ಅವಳವ್ವ. ಎಡಗೈಯಲ್ಲಿ ಅನ್ನ ಮುಟ್ಟುವುದೆಂದರೆ ಉಳಿದವರು ಇಂದಿಗೂ ಮೂಗು ಮುರಿಯುತ್ತಾರೆ, ನಮ್ಮನ್ನು ಎಡಗೈ ಮನೆಯವರು ಎಂದೇ ಕರೆಯುತ್ತಾರೆ. ಆಡಿಕೊಂಡಷ್ಟೂ ನಮ್ಮ ಹಠ ಹೆಚ್ಚಿತು. ನನಗಂತೂ ಅದರ ಹೆಮ್ಮೆ ಮೂಗಿನ ತುದಿಯಲ್ಲೇ ಇತ್ತು.

ಆರು ವರ್ಷದ ಹಿಂದೆ ನನ್ನ ಮಗ ಕಾಶಿಲಿಂಗ ಮದುವೆಯಾದ. ಹುಡುಗಿ ಕೊಪ್ಪಳದ ಕಡೆಯವಳು, ಹೆಸರು ಹುಲಿಗೆಮ್ಮ. ಮಾತು ಕಡಿಮೆ, ಕೆಲಸದಲ್ಲಿ ಚುರುಕು. ಬಂದ ವರ್ಷದ ಎಳ್ಳಮಾವಾಸ್ಯೆಯಂದು ನಾನು ಎಣ್ಣೆಗಾಯಿಗೆ ಕೈ ಹಾಕಿದ್ದಾಗ, ಅತ್ತೆಯ ಭಾರ ಇಳಿಯಲಿ ಎಂದು ಅವಳು ಸುಮ್ಮನೆ ಹಲಗೆಯ ಮುಂದೆ ಕೂತು ರೊಟ್ಟಿ ತಟ್ಟಿಬಿಟ್ಟಳು. ಎರಡೂ ಕೈಯಿಂದ. ಶಾಸ್ತ್ರವನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ, ನಮ್ಮ ಮನೆಗೆ ಬಂದವರಿಗೆ ತಾನಾಗಿಯೇ ತಿಳಿದಿರುತ್ತದೆ ಎಂಬ ಭ್ರಮೆ. ತಿರುಗಿ ನೋಡಿದರೆ ಅರಿವೆಯ ಮೇಲೆ ಹದಿನಾಲ್ಕು ರೊಟ್ಟಿ, ಒಂದಕ್ಕೂ ಅಂಚು ಹರಿದಿಲ್ಲ, ಎಲ್ಲವೂ ದುಂಡಗೆ, ಎಳ್ಳು ಒಂದೇ ಸಮ ಹರಡಿಕೊಂಡು. ಅಷ್ಟು ಚೆಂದದ ರೊಟ್ಟಿಗಳು ಈ ಮನೆಯಲ್ಲಿ ಎಂದೂ ಆಗಿರಲಿಲ್ಲ. ಅದು ನನಗೆ ಆಗಲೂ ಗೊತ್ತಾಯಿತು, ಅದಕ್ಕೇ ಸಿಟ್ಟು ಹೆಚ್ಚು ಬಂತೋ ಏನೋ.

ಮನೆ ತುಂಬ ಬೀಗರು, ನೆಂಟರು. ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹದಿನಾಲ್ಕು ರೊಟ್ಟಿಗಳ ಅಂಚನ್ನೂ ಒಂದೊಂದಾಗಿ ಎಡಗೈಯಿಂದ ಹರಿದೆ. ಹರಿದು ಹರಿದು ಬುಟ್ಟಿಗೆ ಇಟ್ಟೆ. ಹುಲಿಗೆಮ್ಮ ಕೈತೊಳೆದುಕೊಂಡು ಎದ್ದಳು, ನಮ್ಮ ಜೊತೆ ಹೊಲಕ್ಕೆ ಬಂದಳು, ಎಲ್ಲರಿಗೂ ಬಡಿಸಿದಳು, ತಾನು ಮಾತ್ರ ಒಂದು ತುತ್ತು ಮುಟ್ಟಲಿಲ್ಲ. ತಿಂಗಳೊಳಗೆ ಗಂಡಹೆಂಡಿರು ಕೆಳಗಿನ ಓಣಿಗೆ ಮನೆ ಬದಲಿಸಿದರು. ಅವರ ಓಣಿಯೊಲೆ ಬೇರೆ, ನಮ್ಮದು ಬೇರೆ. ಮರುವರ್ಷ ಮೊಮ್ಮಗಳು ಹುಟ್ಟಿದಳು. ಈಗ ಮಕ್ಕಳಿಗೆ ಕಾಳಿನ ಹೆಸರಿಡುವುದು ಹೆಚ್ಚು, ಅವಳಿಗೆ ನವಣೆ ಎಂದಿಟ್ಟರು. ನವಣೆಗೆ ಹಲ್ಲು ಬಂದದ್ದು, ಮೊದಲ ಸಲ ರೊಟ್ಟಿ ಕಡಿದದ್ದು ನಾನು ರಾಚಪ್ಪನ ಬಾಯಿಂದ ಕೇಳಿ ತಿಳಿದೆ. ಅವನು ವಾರಕ್ಕೊಮ್ಮೆ ಹೋಗಿ ಅಲ್ಲಿ ಉಂಡು ಬರುತ್ತಿದ್ದ. ಸೊಸೆಯ ಅಡಿಗೆ ಹೇಗಿತ್ತೆಂದು ನಾನು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಲ್ಲಿ ಮೊದಲರ್ಧ ಮಾತ್ರ ನನಗೆ ಬರುತ್ತದೆ.

ಹೋದ ತಿಂಗಳು ಓಣಿಯ ಹೆಂಗಸರೆಲ್ಲ ಬಾಗಲಕೋಟೆಯ ಹಳತುಮನೆಗೆ ಹೋಗಿದ್ದೆವು. ಹಿಂದಿನವರ ಸಾಮಾನುಗಳನ್ನು ಮುಟ್ಟಿ ನೋಡಲು ಬಿಡುವ ಮನೆ ಅದು. ನಿಮ್ಮ ಫೋನುಗಳೂ ಅಲ್ಲಿದ್ದವು. ಫೋನೆಂಬ ಶಬ್ದ ನಮಗೆ ಗೊತ್ತು, ಆದರೆ ಅದನ್ನು ಕೈಯಲ್ಲಿ ಹಿಡಿದವರನ್ನು ನಾವ್ಯಾರೂ ಕಂಡಿಲ್ಲ. ನಮ್ಮ ಮನೆಗಳಲ್ಲಿ ಗೋಡೆಗಣ್ಣು ಇದೆ. ನೆನಪಿಡು ಎಂದರೆ ಗೋಡೆಯೇ ನೋಡಿ ಇಟ್ಟುಕೊಳ್ಳುತ್ತದೆ. ಚಿತ್ರ ತೆಗೆಯಲು ಮನುಷ್ಯನ ಕೈ ಬೇಕು ಎಂಬುದು ನಮ್ಮ ತಲೆಗೆ ಹೊಳೆಯುವ ಸಂಗತಿಯೇ ಅಲ್ಲ. ಅಲ್ಲಿನ ಮೇಲ್ವಿಚಾರಕ ಫಕ್ಕೀರೇಶಪ್ಪ ಒಂದು ಫೋನನ್ನು ಬಲಗೈಯಲ್ಲಿ ಹಿಡಿದು ಮುಖದ ಮುಂದೆ ಚಾಚಿದರು. ಜೊತೆಗೆ ಯಾರೂ ಇಲ್ಲದಾಗ ಆ ಕಾಲದವರು ಹೀಗೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕೆಲಸ ಮಾಡಿ ತೋರಿಸುತ್ತಿದ್ದರು, ಕೈ ಸೋತಾಗ ಚಿತ್ರ ಅಲುಗುತ್ತಿತ್ತು ಎಂದು ವಿವರಿಸಿದರು. ಕಿಟಕಿಯ ಬಿಸಿಲು ಅವರ ಹಿಂದಿತ್ತು. ಮೇಜಿನ ಮೇಲೆ ಒಂದು ಚೌಕದ ನೆರಳು ಬಿತ್ತು, ಅದರ ಹಿಂದೆ ಉದ್ದಕ್ಕೆ ಅವರ ತೋಳಿನ ನೆರಳು.

ನಾನು ಅಲ್ಲೇ ಕೂತುಬಿಟ್ಟೆ. ಮೇಲ್ವಿಚಾರಕರು ನೀರು ತಂದುಕೊಟ್ಟರು, ವಯಸ್ಸಾದವರಿಗೆ ಹೀಗಾಗುತ್ತದೆ ಎಂದರು. ನೂರನಲವತ್ತನಾಲ್ಕು ವರ್ಷ ಹಳೆಯ ಆ ಚಿತ್ರದಲ್ಲಿ ನಾವು ಕೈಮುಗಿದ ದೇವರ ನೆರಳು ನಿನ್ನ ಬಲಗೈಯ ನೆರಳಾಗಿತ್ತು. ಭೂಮ್ತಾಯಿಯ ಉಸಿರು ನಿನ್ನ ಸೋತ ತೋಳಾಗಿತ್ತು. ಹಬ್ಬದ ದಿನ ಮನೆಯಲ್ಲಿ ನೀನೊಬ್ಬಳೇ ಇದ್ದೆ, ಫೋನು ಹಿಡಿಯುವವರು ಯಾರೂ ಇರಲಿಲ್ಲ, ಒಂದೇ ಕೈಯಲ್ಲಿ ಎತ್ತಿದ್ದಕ್ಕೆ ರೊಟ್ಟಿ ಹರಿಯಿತು. ಶಾಸ್ತ್ರವೆಲ್ಲ ಇಷ್ಟೇ. ನನಗೆ ನಗು ಬರಬೇಕಿತ್ತು. ದೂರದಲ್ಲಿರುವ ಯಾರಿಗೋ ತೋರಿಸಲು ನೀನು ಅಷ್ಟು ಪಾಡುಪಟ್ಟೆಯಲ್ಲ ಎಂದು ಅಳು ಬಂತು. ಅದರ ಬೆನ್ನಿಗೇ ಹುಲಿಗೆಮ್ಮನ ಹದಿನಾಲ್ಕು ರೊಟ್ಟಿಗಳು ಕಣ್ಣಮುಂದೆ ಬಂದವು.

ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಐದನೆಯ ದಿನ ರಾಚಪ್ಪನಿಗೆ ಹೇಳಿದೆ. ಅವನು ನಕ್ಕು ನಕ್ಕು ಕಣ್ಣೊರೆಸಿಕೊಂಡ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. ಇದನ್ನು ತನಗೆ ಹೇಳಿ ಪ್ರಯೋಜನವಿಲ್ಲ, ಯಾರಿಗೆ ಹೇಳಬೇಕೋ ಅವರ ಮನೆ ಕೆಳಗಿನ ಓಣಿಯಲ್ಲಿದೆ ಎಂದ. ನನ್ನ ತಮ್ಮ ಈರಣ್ಣ ಮಾತ್ರ ಸಿಡುಕಿದ. ನೆರಳು ಯಾರದಾದರೇನು, ಇಷ್ಟು ತಲೆಮಾರು ನಡೆಸಿಕೊಂಡು ಬಂದದ್ದನ್ನು ಬಿಡಬಾರದು, ಅಂಚು ಹರಿಯದಿದ್ದರೆ ಭೂಮ್ತಾಯಿ ಏನು ತಿನ್ನಬೇಕು ಎಂದು ಜಗಳಕ್ಕೇ ಬಂದ. ಹೋದ ವರ್ಷವಾದರೆ ನಾನೇ ಆ ಮಾತು ಆಡುತ್ತಿದ್ದೆ.

ಕೆಳಗಿನ ಓಣಿಗೆ ಇನ್ನೂರು ಹೆಜ್ಜೆ. ಆರು ವರ್ಷದಲ್ಲಿ ಮೊದಲ ಸಲ ನಡೆದೆ. ಅವತ್ತು ಓಣಿಯೊಲೆಯಲ್ಲಿ ಹುಲಿಗೆಮ್ಮನದೇ ಸರದಿ, ಪುಂಡಿಸೊಪ್ಪು ಬಿಡಿಸುತ್ತ ಕೂತಿದ್ದಳು. ನಾನೂ ಎದುರು ಕೂತು ಒಂದು ಕಟ್ಟು ಸೊಪ್ಪು ಎತ್ತಿಕೊಂಡೆ. ಫೋನಿನ ಕಥೆ, ನೆರಳಿನ ಕಥೆ ಎಲ್ಲವನ್ನೂ ಹೇಳಿದೆ. ಶಾಸ್ತ್ರ ಸುಳ್ಳಾಯಿತು, ಹಾಗಾಗಿ ಅವಳ ರೊಟ್ಟಿಯೇ ಸರಿ ಎಂದು ದೊಡ್ಡ ತೀರ್ಪು ಕೊಟ್ಟವಳ ಹಾಗೆ ಮುಗಿಸಿದೆ. ಅವಳು ತಲೆಯೆತ್ತದೆ ಸೊಪ್ಪು ಬಿಡಿಸುತ್ತಲೇ ಮೆಲ್ಲಗೆ ಹೇಳಿದಳು: "ರೊಟ್ಟಿ ಹರದ್ರಿ ಅಂತ ಸಿಟ್ಟಿಲ್ರಿ, ಅತ್ತಿ. ಹದಿನಾಕು ರೊಟ್ಟಿ ಹರಿಯೂ ತನಕ ಒಂದ್ ಸಲಾನೂ ನನ್ನ ಮಾರಿ ನೋಡ್ಲಿಲ್ಲಲ್ರಿ. ಅದಕ್ಕ."

ಶಾಸ್ತ್ರ ನಿಜವೇ ಆಗಿದ್ದರೂ ನಾನು ಮಾಡಿದ್ದು ತಪ್ಪೇ ಆಗುತ್ತಿತ್ತು ಎಂದು ಆಗ ಹೊಳೆಯಿತು. ಇದನ್ನು ತಿಳಿಯಲು ನನಗೆ ಹಳತುಮನೆಯೂ ಬೇಕಿರಲಿಲ್ಲ, ಮೇಲ್ವಿಚಾರಕರೂ ಬೇಕಿರಲಿಲ್ಲ. "ನಂದು ತಪ್ಪಾತವಾ" ಎಂದೆ, ಅಷ್ಟೇ. ಈ ಸಲ ಅವಳ ಮುಖ ನೋಡಿಕೊಂಡೇ ಹೇಳಿದೆ. ಹಣೆಯಲ್ಲಿ ಒಂದು ಸಣ್ಣ ಗಾಯದ ಕಲೆ ಇದೆ ಅವಳಿಗೆ. ಅದು ಮೊದಲಿಂದ ಇತ್ತೋ ಆಮೇಲೆ ಆದದ್ದೋ ನನಗೆ ಗೊತ್ತಿರಲಿಲ್ಲ. ಹಬ್ಬಕ್ಕೆ ಬಾ ಎಂದು ಕರೆದೆ. ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಬಿಡಿಸಿದ ಸೊಪ್ಪನ್ನು ಎತ್ತಿಕೊಂಡು ಒಳಗೆ ಹೋದಳು.

ನಿನ್ನೆ ಬೆಳಿಗ್ಗೆ ಒಲೆ ಹೊತ್ತಿಸಿದೆ, ಹಿಟ್ಟು ನಾದಿದೆ, ಹಲಗೆ ತೊಳೆದಿಟ್ಟೆ. ಕಡುಬು ಆಯಿತು, ಎಣ್ಣೆಗಾಯಿ ಆಯಿತು, ಹಂಚು ಕಾದು ಕಾದು ಎರಡು ಸಲ ಇಳಿಸಿದೆ. ರಾಚಪ್ಪ ಬಾಗಿಲಿಗೂ ಒಲೆಗೂ ತಿರುಗಾಡಿದ. ಬುಟ್ಟಿ ಕಟ್ಟುವ ಹೊತ್ತಾಯಿತು ಎಂದು ಈರಣ್ಣ ಅವಸರ ಮಾಡತೊಡಗಿದ. ಸರಿ, ಇನ್ನು ಬರುವುದಿಲ್ಲ ಎಂದು ನಾನು ಬಲಗೈಯನ್ನು ಸೆರಗಿಗೆ ಸುತ್ತಿಕೊಳ್ಳುತ್ತಿದ್ದೆ. ಆಗ ಹುಲಿಗೆಮ್ಮ ನವಣೆಯ ಕೈಹಿಡಿದು ಒಳಗೆ ಬಂದಳು. ಹಿಂದೆ ಕಾಶಿಲಿಂಗ, ತಪ್ಪು ಮಾಡಿದವನ ಮುಖ ಹೊತ್ತು. ಅವಳು ಸೀದಾ ಹಲಗೆಯ ಬಳಿ ಕೂತು ಹಿಟ್ಟು ಒತ್ತಿ ನೋಡಿ, ಇದನ್ನು ಯಾರು ನಾದಿದ್ದು, ಬಹಳ ಗಟ್ಟಿಯಾಗಿದೆ ಎಂದಳು. ಬೇರೆ ದಿನವಾಗಿದ್ದರೆ ನನ್ನ ಹಿಟ್ಟಿಗೆ ಹೆಸರಿಟ್ಟವರನ್ನು ನಾನು ಸುಮ್ಮನೆ ಬಿಡುವವಳಲ್ಲ. ನಿನ್ನೆ ನೀರಿನ ತಂಬಿಗೆಯನ್ನು ಅವಳ ಕಡೆ ಸರಿಸಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಿನ್ನೆ ಒಂದೇ ಒಲೆಯ ಮುಂದೆ ಎರಡೂ ಕಾಲ ಬಂದಿತ್ತು.

ಮೊದಲ ರೊಟ್ಟಿಯನ್ನು ಅವಳು ಅಂಗೈ ಅಗಲಕ್ಕೆ ಸಣ್ಣದಾಗಿ, ಪೂರ್ತಿ ದುಂಡಗೆ ತಟ್ಟಿ ಬೇಯಿಸಿದಳು. ಅದು ಭೂಮ್ತಾಯಿಗೆ, ಅವಳಿಗೂ ಒಂದು ಸಲ ಇಡೀ ರೊಟ್ಟಿ ಸಿಗಲಿ ಎಂದಳು. ಈರಣ್ಣ ಅದನ್ನೆತ್ತಿ ಬುಟ್ಟಿಗೆ ಇಟ್ಟ. ಆಮೇಲೆ ಹಲಗೆಯನ್ನು ನನ್ನ ಕಡೆ ತಿರುಗಿಸಿದಳು. ಎಪ್ಪತ್ತು ವರ್ಷದಲ್ಲಿ ನನ್ನ ಬಲಗೈ ಸಜ್ಜೆಯ ರೊಟ್ಟಿ ತಟ್ಟಿದ್ದು ಅದೇ ಮೊದಲು. ಎರಡು ಕೈ ಸೇರಿದರೆ ಸುಲಭವಾಗಬೇಕಲ್ಲ, ಜೋಳದ ರೊಟ್ಟಿಗೆ ಒಗ್ಗಿದ ಕೈಗಳೇ ಸಜ್ಜೆಗೆ ಒಗ್ಗದೆ ನನಗೆ ಇನ್ನೂ ಕಷ್ಟವಾಯಿತು. ಎಡಗೈ ಒಂದು ಕಡೆ ಎಳೆದರೆ ಬಲಗೈ ಇನ್ನೊಂದು ಕಡೆ ದೂಡುತ್ತದೆ. ನವಣೆ ಬಿದ್ದು ಬಿದ್ದು ನಕ್ಕಳು, ಅಜ್ಜಿಗೆ ರೊಟ್ಟಿ ಬರುವುದಿಲ್ಲ ಎಂದು ಓಣಿಗೆಲ್ಲ ಕೇಳುವ ಹಾಗೆ ಸಾರಿದಳು. ಎತ್ತುವಾಗ ಅಂಚು ಇನ್ನೇನು ಹರಿಯಬೇಕು, ಹುಲಿಗೆಮ್ಮ ಆ ಬದಿಗೆ ತನ್ನ ಕೈ ಹಾಕಿದಳು. ಇಬ್ಬರೂ ಸೇರಿ ಎತ್ತಿ ಹಂಚಿಗೆ ಹಾಕಿದೆವು. ದುಂಡಗೆ ಏನೂ ಇರಲಿಲ್ಲ. ಹೊಲದಲ್ಲಿ ಅದನ್ನು ಅವಳೇ ತನ್ನ ತಾಟಿಗೆ ಎತ್ತಿಕೊಂಡಳು, ಅಗಸಿ ಹಿಂಡಿ ಹಚ್ಚಿ ಪೂರ್ತಿ ತಿಂದಳು. ನಾನು ಉಣ್ಣುವುದನ್ನು ಬಿಟ್ಟು ಅವಳು ತಿನ್ನುವುದನ್ನೇ ನೋಡುತ್ತಿದ್ದೆ. ಹೀಗೆ ನುಂಗಬೇಡಿ ಕಣ್ಣಿಂದ, ಮೊಸರು ಬಡಿಸಿಕೊಳ್ಳಿ ಎಂದು ಅವಳೇ ಗದರಿದಳು.

ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ, ಕಸ್ತೂರೆವ್ವ. ಹರಿದರೆ ಇರಲಿ, ಹಾಗೇ ತಿನ್ನು ಎಂದು ನೀನು ಪ್ರೀತಿಯಿಂದ ಹೇಳಿದೆ. ಹರಿಯಲೇಬೇಕು ಎಂದು ಕೇಳಿಸಿಕೊಂಡವರು ನಾವು. ಇಷ್ಟು ವರ್ಷದ ಎಡಗೈ ರೊಟ್ಟಿಗಳೂ ಹಾಳಾಗಲಿಲ್ಲ. ನಮ್ಮ ಅಜ್ಜಿಯರು ನಿನ್ನನ್ನು ನೆನೆದೇ ಅವನ್ನು ತಟ್ಟಿದರು, ಮಕ್ಕಳು ಜಗಳವಾಡಿಕೊಂಡು ತಿಂದರು. ನಿನಗೆ ನನ್ನ ಕೋರಿಕೆ ಒಂದೇ. ಮುಂದಿನ ಸಲ ರೊಟ್ಟಿ ತಟ್ಟುವುದನ್ನು ಯಾರಿಗಾದರೂ ತೋರಿಸಬೇಕು ಎನಿಸಿದರೆ ಗೋಡೆಯಾಚೆ ಒಮ್ಮೆ ಕೂಗು. ಮಾತು ಬಿಟ್ಟವರಾದರೂ ಸರಿ, ಕೂಗು. ತಡವಾಗಿಯಾದರೂ ಬರುತ್ತಾರೆ. ಫೋನನ್ನು ಅವರ ಕೈಗೆ ಕೊಟ್ಟು ನೀನು ಎರಡೂ ಕೈಯಿಂದ ಆರಾಮವಾಗಿ ತಟ್ಟು. ಅವರಿಗೆ ಸರಿಯಾಗಿ ಹಿಡಿಯಲು ಬರಲಿಕ್ಕಿಲ್ಲ, ರೊಟ್ಟಿಯನ್ನು ಬಿಟ್ಟು ನಿನ್ನ ಕಡೆಗೇ ತಿರುಗಿಸಿಬಿಟ್ಟಾರು. ತಿರುಗಿಸಲಿ, ಬೈಯಬೇಡ. ಈ ಮನೆಯಲ್ಲಿ ನಿನ್ನ ಎಡಗೈಯನ್ನು, ಬಳೆಯನ್ನು, ದನಿಯನ್ನು ಎಲ್ಲರೂ ಬಲ್ಲರು. ನಿನ್ನ ಮಾರಿ ಮಾತ್ರ ನಾವು ಯಾರೂ ನೋಡಿಲ್ಲ.

ನಿನ್ನ ಮೊಮ್ಮಗಳ ಮೊಮ್ಮಗಳು,
ನಿಂಬೆವ್ವ